ಕುನ್ನೂರಿನ ಲಸಿಕೆಯೂ ಬ್ಯಾಕ್ಟೀರಿಯಾದ ಊಟವೂ

ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ‘ಕಿಣ್ವ’ ಎಂಬ ಪದ ಬಂದೊಡನೆ ಮನೆಯ ಹಿರಿಯರು ಒಂದು ಗಳಿಗೆ ತಡವರಿಸುವುದುಂಟು. ಆಂಗ್ಲ ಮಾಧ್ಯಮದ ಹುಡುಗ ಅದನ್ನು ಎನ್‌ಜೈಮ್ ಎನ್ನುತ್ತಾನೆ. ತಮಿಳು ಮಾಧ್ಯಮದ ಹುಡುಗಿ ನೊದಿ ಎನ್ನುತ್ತಾಳೆ. ನಮ್ಮ ಪದಕ್ಕೆ ವಯಸ್ಸು ಬಹಳ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿಧಿಸುವ ಅಧ್ಯಾಯವೊಂದಿದೆ. ಮದ್ಯವನ್ನು ಹುದುಗಿಸಲು ಬೆರೆಸುವ ಬೀಜದ್ರವ್ಯಕ್ಕೆ ಅಲ್ಲಿ ಕಿಣ್ವವೆಂದೇ ಹೆಸರು. ಅಬಕಾರಿ ಕಾನೂನಿನ ಪೂರ್ವಜನನ್ನು ಹುಡುಕುತ್ತ ಆ ಅಧ್ಯಾಯಕ್ಕೆ ಹೋಗುವ ನನ್ನಂತಹ ನ್ಯಾಯವಾದಿಗಳಿಗೆ ಜೀವರಸಾಯನದ ಪರಿಭಾಷೆಯೂ ಅಲ್ಲಿಯೇ ಸಿಕ್ಕಿಬಿಡುತ್ತದೆ. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಗ್ರೀಕ್ ಭಾಷೆಯಿಂದ ಎನ್‌ಜೈಮ್ ಎಂಬ ಪದವನ್ನು ಕಟ್ಟಿದಾಗ ಅವನ ಮನಸ್ಸಿನಲ್ಲಿದ್ದುದೂ ಹುದುಗಿನೊಳಗೆ ಇರುವ ವಸ್ತು ಎಂಬ ಅರ್ಥವೇ. ಎರಡು ನಾಡಿನವರು, ಬೇರೆ ಬೇರೆ ಕಾಲದಲ್ಲಿ, ಒಂದೇ ಮಡಕೆಯನ್ನು ಇಣುಕಿ ನೋಡಿದಂತಾಯಿತು.

ಕಿಣ್ವವೆಂದರೆ ಜೀವಕೋಶವು ತನ್ನ ಕೆಲಸಕ್ಕಾಗಿ ತಯಾರಿಸಿಕೊಳ್ಳುವ ಪ್ರೋಟೀನು. ಒಂದು ರಾಸಾಯನಿಕ ಕ್ರಿಯೆಯನ್ನು ಅದು ಅನೇಕ ಸಾವಿರ ಪಟ್ಟು ತ್ವರೆಗೊಳಿಸುತ್ತದೆ. ತಾನು ಮಾತ್ರ ವ್ಯಯವಾಗದೆ ಉಳಿಯುತ್ತದೆ. ಇದರ ಪರಿಚಯಕ್ಕೆ ನೀಲಗಿರಿಯವರು ದೂರ ಹೋಗಬೇಕಾಗಿಲ್ಲ. ಚಹಾ ಕಾರ್ಖಾನೆಯಲ್ಲಿ ಬಾಡಿಸಿ ಹಿಸುಕಿದ ಎಲೆಯನ್ನು ಹರಡಿ ಕೆಂಪಗಾಗಲು ಬಿಡುವ ಹಂತವನ್ನು ಫರ್ಮೆಂಟೇಷನ್ ಎಂದೇ ಕರೆಯುವ ರೂಢಿಯಿದೆ. ವಾಸ್ತವದಲ್ಲಿ ಆ ಕೆಲಸ ಬ್ಯಾಕ್ಟೀರಿಯಾದ್ದಲ್ಲ. ಎಲೆಯೊಳಗಿನ ಕಿಣ್ವವೇ, ಎಲೆ ಹರಿದು ಗಾಳಿ ತಗುಲಿದೊಡನೆ, ಅದರ ರಸವನ್ನು ಕೆಂಪಾಗಿಸುತ್ತದೆ. ಹಸಿರು ಚಹಾ ಬೇಕೆನ್ನುವವರು ಎಲೆಗೆ ಮೊದಲೇ ಬಿಸಿ ತಗುಲಿಸಿ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದು ಇದೇ ಕಾರಣಕ್ಕೆ. ರೂಢಿಯ ಹೆಸರನ್ನು ಬದಲಿಸಲು ಹೊರಡುವುದು ವ್ಯರ್ಥ. ಆದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಕ್ಕಳು ಚಹಾವನ್ನು ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬರೆಯದಿರಲಿ.

ಬ್ಯಾಕ್ಟೀರಿಯಾದ ನಿಜವಾದ ಹುದುಗು ನಮ್ಮ ಮೊಸರಿನ ಪಾತ್ರೆಯಲ್ಲಿದೆ. ಹೆಪ್ಪಿನೊಡನೆ ಹಾಲಿಗೆ ಇಳಿದ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ತಯಾರಿಸಿ, ಅದರಿಂದ ಶಕ್ತಿ ಪಡೆದು, ಹುಳಿಯನ್ನು ಹೊರಬಿಡುತ್ತವೆ. ಇಲ್ಲಿ ಏಳುವ ಪ್ರಶ್ನೆ ಇಂದಿನ ಲೇಖನದ ವಿಷಯ. ಬ್ಯಾಕ್ಟೀರಿಯಾ ಯಾವ ಕಿಣ್ವವನ್ನು ಯಾವಾಗ ತಯಾರಿಸಬೇಕೆಂಬುದನ್ನು ನಿರ್ಧರಿಸುವವರು ಯಾರು? ಉತ್ತರವನ್ನು ಸ್ಥೂಲವಾಗಿ ಹೇಳುವುದಾದರೆ, ಅದಕ್ಕೆ ಬಡಿಸಿದ ಊಟ.

1940ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಜಾಕ್ ಮೊನೊ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳಿಗೆ ಎರಡೆರಡು ಬಗೆಯ ಸಕ್ಕರೆಯನ್ನು ಒಟ್ಟಿಗೆ ಕೊಟ್ಟು ಅವುಗಳ ಬೆಳವಣಿಗೆಯನ್ನು ಅಳೆದನು. ಕರುಳಿನಲ್ಲಿ ವಾಸಿಸುವ ಇ. ಕೋಲಿಗೆ ಗ್ಲೂಕೋಸು, ಲ್ಯಾಕ್ಟೋಸು ಎರಡನ್ನೂ ಬಡಿಸಿದರೆ ಅದು ಮೊದಲು ಗ್ಲೂಕೋಸನ್ನಷ್ಟೇ ತಿಂದು ಮುಗಿಸುತ್ತದೆ. ಬಳಿಕ ಬೆಳವಣಿಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವದ ತಯಾರಿಕೆಗೆ ತೊಡಗಿ ಮತ್ತೆ ಬೆಳೆಯುತ್ತದೆ. ಎಲೆಯಲ್ಲಿ ಹೋಳಿಗೆ ಇರುವವರೆಗೆ ಮುದ್ದೆಗೆ ಕೈಹಾಕದ ಹುಡುಗನ ಸ್ವಭಾವವಿದು. ಕಿಣ್ವವೊಂದನ್ನು ಕಟ್ಟುವುದು ಜೀವಕೋಶಕ್ಕೆ ಖರ್ಚಿನ ಬಾಬತ್ತು. ಸುಲಭದ ಆಹಾರ ಕಣ್ಣೆದುರಿಗಿರುವಾಗ ಆ ಖರ್ಚನ್ನು ಅದು ಮಾಡುವುದಿಲ್ಲ. ಈ ನಿಯಂತ್ರಣ ನಡೆಯುವ ಬಗೆಯನ್ನು ಬಿಡಿಸಿದ ಕಾರ್ಯಕ್ಕಾಗಿ ಮೊನೊ, ಫ್ರಾನ್ಸ್ವಾ ಜಾಕೊಬ್ ಮತ್ತು ಆಂದ್ರೆ ಲ್ವೋಫ್ ಈ ಮೂವರಿಗೆ 1965ರ ನೊಬೆಲ್ ಪಾರಿತೋಷಕ ಸಂದಿತು.

ಕೈಗಾರಿಕೆಗೆ ಇದರಿಂದ ದೊಡ್ಡ ಪಾಠವಾಯಿತು. ಬಟ್ಟೆ ತೊಳೆಯುವ ಪುಡಿಯಲ್ಲಿ ಕಲೆ ತೆಗೆಯುವ ಕಿಣ್ವವೂ, ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ಕಿಣ್ವವೂ ಹೆಚ್ಚಾಗಿ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕುಲದಿಂದ ಬರುತ್ತವೆ. ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಅದಕ್ಕೆ ಗ್ಲೂಕೋಸನ್ನು ಧಾರಾಳವಾಗಿ ಸುರಿದರೆ ಬ್ಯಾಕ್ಟೀರಿಯಾ ಸೊಗಸಾಗಿ ಬೆಳೆಯುತ್ತದೆ, ಕಿಣ್ವ ಮಾತ್ರ ದೊರೆಯುವುದಿಲ್ಲ. ಆದುದರಿಂದ ಆಹಾರವನ್ನು ತೊಟ್ಟುತೊಟ್ಟಾಗಿ ಊಡಿಸಿ ಅದನ್ನು ಅರೆಹಸಿವಿನಲ್ಲಿ ಇಡುತ್ತಾರೆ. ಸಾರಜನಕ ಎಷ್ಟು, ಫಾಸ್ಫೇಟು ಎಷ್ಟು, ಯಾವ ಗಳಿಗೆಯಲ್ಲಿ ಯಾವುದು ತೀರಬೇಕು ಎಂಬುದೆಲ್ಲ ಲೆಕ್ಕದ ಮಾತು. ಬೆಳೆಯುವುದು ಬೇರೆ, ಉತ್ಪಾದಿಸುವುದು ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಓದುಗರು ಈಗ ನನ್ನೊಡನೆ ಕುನ್ನೂರಿಗೆ ಬರಬೇಕು.

ಸಿಮ್ಸ್ ಪಾರ್ಕಿನ ಸಮೀಪದಲ್ಲಿರುವ ಪಾಶ್ಚರ್ ಸಂಸ್ಥೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಆಂಗ್ಲ ಯುವತಿ ಹುಚ್ಚುನಾಯಿಯ ಕಡಿತದಿಂದ ತೀರಿಕೊಂಡರು. ಆಗ ಆ ಚಿಕಿತ್ಸೆಯ ಸಂಸ್ಥೆ ಇದ್ದುದು ಉತ್ತರದ ಕಸೌಲಿಯಲ್ಲಿ. ದಕ್ಷಿಣಕ್ಕೊಂದು ಬೇಕೆಂಬ ಕೂಗೆದ್ದು, ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದ ಒಂದು ಪಾಲು ಇತ್ತ ಬಂದು, 1907ರಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಆರಂಭವಾಯಿತು. 1977ರಿಂದ ಅದು ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗಿನ ಸ್ವಾಯತ್ತ ಸಂಸ್ಥೆ. ನಮ್ಮ ವಿಷಯಕ್ಕೆ ತೀರ ಹತ್ತಿರದ ಇನ್ನೊಂದು ಸಂಗತಿಯೂ ಇದೆ. 1918ರಲ್ಲಿ ಇದೇ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯನು ಬೆರಿಬೆರಿ ರೋಗದ ಅನ್ವೇಷಣೆಯನ್ನು ತೊಡಗಿದನು. ಅಕ್ಕಿಯನ್ನು ಹೊಳಪು ಬರುವಷ್ಟು ಪಾಲಿಶ್ ಮಾಡಿದಾಗ ತೌಡಿನೊಡನೆ ಹೊರಟುಹೋಗುವ ಬಿ1 ಜೀವಸತ್ವವು ನಮ್ಮ ದೇಹದ ಕೆಲವು ಕಿಣ್ವಗಳಿಗೆ ಅತ್ಯಗತ್ಯವಾದ ಸಂಗಾತಿ. ಅದಿಲ್ಲದಾಗ ಬರುವ ರೋಗವೇ ಬೆರಿಬೆರಿ. ಆ ಒಂದು ಕೋಣೆ 1928ರಲ್ಲಿ ಪೋಷಣಾ ಸಂಶೋಧನಾಲಯವಾಯಿತು. 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದು ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆ. ಮನುಷ್ಯನ ಊಟವನ್ನು ತೂಗಿದ ಆವರಣದಲ್ಲಿಯೇ ಮುಂದೆ ಬ್ಯಾಕ್ಟೀರಿಯಾದ ಊಟವನ್ನೂ ತೂಗಬೇಕಾಗಿ ಬಂತು. ಏಕೆಂದರೆ ಕುನ್ನೂರು ದೇಶದ ಮಕ್ಕಳಿಗೆ ಡಿಪಿಟಿ ಲಸಿಕೆಯನ್ನು ತಯಾರಿಸಿದ ಸರ್ಕಾರಿ ಸಂಸ್ಥೆಗಳಲ್ಲಿ ಒಂದು.

ಡಿ ಎಂದರೆ ಡಿಫ್ತೀರಿಯಾ, ನಮ್ಮ ಹಿರಿಯರು ಗಂಟಲಮಾರಿ ಎಂದು ಹೆದರುತ್ತಿದ್ದ ರೋಗ. ಮಗುವಿನ ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತದೆ. ಬದುಕಿದರೂ ವಿಷ ಹೃದಯವನ್ನೂ ನರಗಳನ್ನೂ ಹಿಡಿಯಬಹುದು. 1888ರಲ್ಲಿ ಪ್ಯಾರಿಸ್ಸಿನ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಈ ಬ್ಯಾಕ್ಟೀರಿಯಾವನ್ನು ಸಾರಿನಲ್ಲಿ ಬೆಳೆಸಿ, ಜೀವಾಣುಗಳನ್ನೆಲ್ಲ ಸೋಸಿ ತೆಗೆದ ಮೇಲೂ ಉಳಿದ ದ್ರವವು ಪ್ರಾಣಿಗಳನ್ನು ಕೊಲ್ಲುವುದನ್ನು ತೋರಿಸಿದರು. ಅಂದರೆ ಕೊಲ್ಲುವುದು ಜೀವಾಣು ಸುರಿಸಿದ ವಿಷ. ಆ ವಿಷವನ್ನು ಫಾರ್ಮಲಿನ್ನಿನಿಂದ ಉಪಚರಿಸಿ ಬೆಚ್ಚಗಿಟ್ಟರೆ ಅದರ ಹಲ್ಲು ಮುರಿದು ಗುರುತು ಮಾತ್ರ ಉಳಿಯುತ್ತದೆ ಎಂಬುದನ್ನು 1923ರಲ್ಲಿ ಗಾಸ್ತೋನ್ ರಾಮೋನ್ ಕಂಡುಕೊಂಡನು. ಆ ಹಲ್ಲು ಮುರಿದ ವಿಷವೇ ಟಾಕ್ಸಾಯ್ಡ್. ಮಗುವಿನ ದೇಹ ಅದನ್ನು ನೋಡಿ ಗುರುತಿಟ್ಟುಕೊಳ್ಳುತ್ತದೆ.

ಲಸಿಕೆ ಬೇಕಾದರೆ ಮೊದಲು ವಿಷ ಬೇಕು, ಅದೂ ಹೇರಳವಾಗಿ. ತೊಡಕು ಇಲ್ಲಿತ್ತು. ಅದೇ ತಳಿ, ಅದೇ ಶಾಖ. ಆದರೂ ಒಂದು ಪಾತ್ರೆಯಲ್ಲಿ ವಿಷ ತುಂಬಿ ಬರುತ್ತಿತ್ತು, ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದೂ ವಿಷವಿರುತ್ತಿರಲಿಲ್ಲ. 1930ರ ದಶಕದಲ್ಲಿ ಕಾರಣ ಹೊರಬಿತ್ತು. 1936ರಲ್ಲಿ ಪಾಪೆನ್‌ಹೈಮರ್ ಮತ್ತು ಜಾನ್ಸನ್ ಪ್ರಕಟಿಸಿದ ಅಳತೆಗಳು ಸ್ಪಷ್ಟವಾಗಿದ್ದವು: ಎಲ್ಲವನ್ನೂ ನಿರ್ಣಯಿಸುತ್ತಿದ್ದುದು ಕಬ್ಬಿಣ. ಒಂದು ಲೀಟರು ದ್ರಾವಣದಲ್ಲಿ ಕಬ್ಬಿಣವು ಸುಮಾರು 0.1 ಮಿಲಿಗ್ರಾಂ ಇದ್ದಾಗ ವಿಷ ತುಂಬ ಬರುತ್ತದೆ, ಅದು 0.5 ಮಿಲಿಗ್ರಾಮಿನ ಹತ್ತಿರ ಹೋದರೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಒಂದು ಗ್ರಾಮಿನ ಸಾವಿರದಲ್ಲೊಂದು ಭಾಗಕ್ಕೆ ಮಿಲಿಗ್ರಾಂ ಎನ್ನುತ್ತೇವೆ ಎಂಬುದನ್ನು ನೆನೆದರೆ ಈ ಅಂಕಿಗಳ ಸೂಕ್ಷ್ಮತೆ ತಿಳಿಯುತ್ತದೆ. ತುಕ್ಕು ಹಿಡಿದ ಒಂದು ಕೊಳಾಯಿಯ ನೀರು ಸಾಕು, ಒಂದಿಡೀ ತೊಟ್ಟಿ ವ್ಯರ್ಥವಾಗಲು.

ಇದರ ಒಳಗುಟ್ಟನ್ನು ನನ್ನ ವೃತ್ತಿಯ ಭಾಷೆಯಲ್ಲಿ ಹೇಳಿದರೆ ಅಪಚಾರವಾಗಲಾರದು. ಈ ಬ್ಯಾಕ್ಟೀರಿಯಾದೊಳಗೆ ತಡೆಯಾಜ್ಞೆಯ ಕೆಲಸ ಮಾಡುವ ಒಂದು ಪ್ರೋಟೀನಿದೆ. ಅದು ವಿಷದ ಜೀನಿನ ಬಾಗಿಲಲ್ಲಿ ಕುಳಿತರೆ ವಿಷ ತಯಾರಾಗುವುದಿಲ್ಲ. ಆದರೆ ಕಬ್ಬಿಣದ ಮೊಹರು ಬೀಳದೆ ಆ ಆಜ್ಞೆಗೆ ಸಿಂಧುತ್ವವಿಲ್ಲ. ಕಬ್ಬಿಣ ತೀರಿತೆಂದರೆ ಆಜ್ಞೆ ತೆರವಾಯಿತು, ಜೀನು ತೆರೆಯಿತು, ವಿಷ ಹರಿಯಿತು. ಇನ್ನೂ ಸೋಜಿಗವೆಂದರೆ ವಿಷದ ಜೀನು ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯಲ್ಲ. ಅದನ್ನು ಸೋಂಕಿದ ಒಂದು ವೈರಾಣು ತಂದು ಸೇರಿಸಿದ್ದು. ಬಾಡಿಗೆದಾರನ ಪೆಟ್ಟಿಗೆಗೆ ಮನೆಯೊಡೆಯನ ಬೀಗ!

ಕಬ್ಬಿಣ ತೀರಿದಾಗಲೇ ವಿಷವೇಕೆ? ನಮ್ಮ ಗಂಟಲಿನ ಮೇಲ್ಪದರದಲ್ಲಿಯೂ ರಕ್ತದಲ್ಲಿಯೂ ಬಿಡಿ ಕಬ್ಬಿಣ ದೊರೆಯುವುದೇ ಇಲ್ಲವೆನ್ನಬೇಕು. ದೇಹವು ಅದನ್ನು ವಿಶೇಷ ಪ್ರೋಟೀನುಗಳಲ್ಲಿ ಕಟ್ಟಿಡುತ್ತದೆ. ಕಬ್ಬಿಣದ ಬರವೆಂದರೆ ಬ್ಯಾಕ್ಟೀರಿಯಾಕ್ಕೆ ತಾನು ಒಂದು ದೇಹದೊಳಗಿದ್ದೇನೆ ಎಂಬ ಸುಳಿವು. ಇದನ್ನು ಓದಿ ಯಾವ ತಾಯಿಯೂ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಯ ಬಗ್ಗೆ ಗೊಂದಲಕ್ಕೆ ಬೀಳಬಾರದು. ರಕ್ತಹೀನತೆ ಬೇರೆ ಸಂಗತಿ; ಗುಳಿಗೆಯನ್ನು ಮಕ್ಕಳು ತಪ್ಪದೆ ನುಂಗಲಿ. ಗುಳಿಗೆಯಿಂದ ಗಂಟಲಮಾರಿ ಬರುವುದೂ ಇಲ್ಲ, ತಪ್ಪುವುದೂ ಇಲ್ಲ. ಅದಕ್ಕೆ ಲಸಿಕೆಯೇ ಗತಿ.

ಈ ವಿಷವೂ ಒಂದು ಕಿಣ್ವವೇ ಎಂಬುದು 1960ರ ದಶಕದಲ್ಲಿ ಖಚಿತವಾಯಿತು. ನಮ್ಮ ಜೀವಕೋಶಗಳು ಪ್ರೋಟೀನಿನ ಸರಪಳಿಯನ್ನು ಉದ್ದಮಾಡಲು ಬಳಸುವ ಒಂದು ಸಹಾಯಕ ಅಣುವಿಗೆ ಅದು ಬೇರೊಂದು ತುಣುಕನ್ನು ಅಂಟಿಸಿ ಕೆಲಸ ಕೆಡಿಸುತ್ತದೆ. ಕಿಣ್ವವಾದುದರಿಂದ ತಾನು ಸವೆಯುವುದಿಲ್ಲ. ಒಂದನ್ನು ಕೆಡಿಸಿ ಮತ್ತೊಂದಕ್ಕೆ ಹೋಗುತ್ತದೆ. ಅದರ ಸಕ್ರಿಯ ಭಾಗದ ಒಂದೇ ಅಣು ಒಳಹೊಕ್ಕರೂ ಒಂದು ಜೀವಕೋಶ ಸಾಯಬಲ್ಲುದೆಂದು 1978ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಧನುರ್ವಾಯುವಿನ ವಿಷವೂ ಕಿಣ್ವ. ಅದು ನರಗಳ ತುದಿಯಲ್ಲಿರುವ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ನಾಯಿಕೆಮ್ಮಿನ ವಿಷವೂ ಕಿಣ್ವ. ಲಸಿಕೆಗಾಗಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು ಬೆಳೆಸುವಾಗ ಮೆಗ್ನೀಸಿಯಂ ಸಲ್ಫೇಟು ಹೆಚ್ಚಾದರೆ ಅದು ತನ್ನ ಆಯುಧಗಳನ್ನೆಲ್ಲ ಒಳಗಿಟ್ಟು ಸಾಧುವಾಗಿಬಿಡುತ್ತದೆ. ಸಾಧುವಾದ ಬ್ಯಾಕ್ಟೀರಿಯಾವನ್ನು ಕೊಂದು ಲಸಿಕೆ ಮಾಡಿದರೆ ಮಗುವಿನ ದೇಹ ಕಲಿಯಬೇಕಾದುದನ್ನು ಕಲಿಯುವುದಿಲ್ಲ. ಡಿ, ಪಿ, ಟಿ ಮೂರೂ ಅಕ್ಷರಗಳ ಹಿಂದೆ ಹೀಗೆ ಊಟದ ಲೆಕ್ಕವಿದೆ. ಹಾಲಿನ ಕೇಸೀನನ್ನು ಅರೆಜೀರ್ಣ ಮಾಡಿ ಪಡೆದ ತುಣುಕುಗಳು, ಅತಿಯಾದ ಕಬ್ಬಿಣವನ್ನು ತಳಕ್ಕಿಳಿಸಿ ತೆಗೆದ ದ್ರಾವಣ, ಗ್ಲೂಕೋಸಿನ ಬದಲು ನಿಧಾನವಾಗಿ ಒದಗುವ ಮಾಲ್ಟೋಸು: ಇಂತಹ ವಿವರಗಳು ಪುಸ್ತಕದಲ್ಲಿ ಅರ್ಧ ಪುಟ, ಕೈಗೆ ಹತ್ತಲು ವರ್ಷಗಳು ಬೇಕು.

ಈಗ ಕಾನೂನಿನ ಮಾತು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಅಧಿನಿಯಮ, ಅದರ ಕೆಳಗಿನ 1945ರ ನಿಯಮಾವಳಿ, ಆ ನಿಯಮಾವಳಿಯ ‘ಎಂ’ ಅನುಸೂಚಿ: ಔಷಧ ತಯಾರಿಸುವ ಕಟ್ಟಡ, ಗಾಳಿ, ನೀರು, ಪಾತ್ರೆ, ದಾಖಲೆಗಳು ಹೇಗಿರಬೇಕೆಂಬುದನ್ನು ಇವು ವಿಧಿಸುತ್ತವೆ. 2008ರ ಜನವರಿಯಲ್ಲಿ, ಉತ್ತಮ ತಯಾರಿಕಾ ಕ್ರಮಗಳನ್ನು ಪಾಲಿಸಿಲ್ಲವೆಂಬ ಕಾರಣದ ಮೇಲೆ, ಮೂರು ಸರ್ಕಾರಿ ಲಸಿಕಾ ಸಂಸ್ಥೆಗಳ ತಯಾರಿಕಾ ಪರವಾನಗಿಯನ್ನು ಕೇಂದ್ರವು ಅಮಾನತಿನಲ್ಲಿಟ್ಟಿತು. ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ, ಚೆನ್ನೈ ಗಿಂಡಿಯ ಬಿಸಿಜಿ ಲಸಿಕಾ ಪ್ರಯೋಗಾಲಯ, ನಮ್ಮ ಕುನ್ನೂರಿನ ಪಾಶ್ಚರ್ ಸಂಸ್ಥೆ. ದೇಶದ ಶಿಶುಗಳ ಲಸಿಕೆಯನ್ನು ಹೆಚ್ಚಾಗಿ ಖಾಸಗಿ ಕಂಪನಿಗಳಿಂದ ಕೊಳ್ಳಬೇಕಾಗಿ ಬಂತು. ಹಲವೆಡೆ ಲಸಿಕೆಯ ಕೊರತೆಯ ದೂರುಗಳೆದ್ದವು. ಸಂಸತ್ತಿನ ಸ್ಥಾಯಿ ಸಮಿತಿ ಈ ಕ್ರಮವನ್ನು ಟೀಕಿಸಿತು. ನಿವೃತ್ತ ಹಿರಿಯ ಅಧಿಕಾರಿ ಎಸ್. ಪಿ. ಶುಕ್ಲಾ ಮತ್ತಿತರರ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. 2010ರ ಫೆಬ್ರವರಿಯಲ್ಲಿ ಅಮಾನತನ್ನು ಹಿಂತೆಗೆದುಕೊಳ್ಳಲಾಯಿತು. ಬಳಿಕ ಕುನ್ನೂರಿನಲ್ಲಿ ನೂರು ಕೋಟಿ ರೂಪಾಯಿಗೂ ಮೀರಿದ ವೆಚ್ಚದ ಹೊಸ ಡಿಪಿಟಿ ಘಟಕವನ್ನು ಕಟ್ಟಲಾಯಿತು.

ಈ ಪ್ರಕರಣದಲ್ಲಿ ಒಂದು ಪಕ್ಷವನ್ನು ಹಿಡಿದು ಮಾತನಾಡುವುದು ಸುಲಭ. ಗುಡ್ಡದ ಮೇಲಿನ ನೂರು ವರ್ಷದ ಸಂಸ್ಥೆಗೆ ಬೀಗ ಹಾಕಿದರೆಂದು ಮರುಗುವವರಿಗೆ ನಾನು ಮೇಲಿನ ಕಬ್ಬಿಣದ ಅಂಕಿಗಳನ್ನು ತೋರಿಸುತ್ತೇನೆ. ಲೀಟರಿಗೆ ಅರ್ಧ ಮಿಲಿಗ್ರಾಮಿನ ಒಳಗೆ ಲಸಿಕೆಯ ಹಣೆಬರಹ ತೀರ್ಮಾನವಾಗುವಾಗ, ನೀರಿನ ಶುದ್ಧಿಯೂ ಪಾತ್ರೆಯ ಲೋಹವೂ ಪ್ರತಿ ತಂಡದ ದಾಖಲೆಯೂ ಕೇವಲ ಕಾಗದದ ಕಾಟವೆಂದು ಯಾರೂ ಹೇಳಲಾಗದು. ‘ಎಂ’ ಅನುಸೂಚಿ ಇರಬೇಕು, ಅದು ಸರ್ಕಾರಿ ಸಂಸ್ಥೆಗೂ ಅನ್ವಯವಾಗಬೇಕು. ನನ್ನ ತಕರಾರು ಬೇರೆ. ಹೊಸ ಘಟಕ ಎದ್ದು ನಿಲ್ಲುವ ಮೊದಲೇ ಹಳೆಯದನ್ನು ನಿಲ್ಲಿಸಿದುದು ಸರಿಯೇ? ಕೊರತೆಯನ್ನು ತಿದ್ದಲು ಹಣವನ್ನೂ ಅವಧಿಯನ್ನೂ ಕೊಡಬೇಕಾದ ಒಡೆಯನೂ ಕೇಂದ್ರ, ಕೊರತೆಯಿದೆಯೆಂದು ಬೀಗ ಹಾಕಿದವನೂ ಕೇಂದ್ರ. ಹೊಲಕ್ಕೆ ನೀರು ಬಿಡದವನೇ ಬೆಳೆ ಒಣಗಿತೆಂದು ದಂಡ ಹಾಕಿದಂತೆ ಇದು ನನಗೆ ಕಾಣುತ್ತದೆ. ಕಟ್ಟಡವನ್ನು ಹಣ ಕೊಟ್ಟು ಮತ್ತೆ ಕಟ್ಟಬಹುದು. ತೊಟ್ಟಿಯ ದ್ರವದ ಬಣ್ಣ ನೋಡಿ ಇಂದು ರಾತ್ರಿ ವಿಷ ಇಳಿಯುತ್ತದೆಂದು ಹೇಳಬಲ್ಲ ಕೆಲಸಗಾರನು ಎರಡು ವರ್ಷ ಸುಮ್ಮನೆ ಕುಳಿತು ನಿವೃತ್ತನಾದರೆ ಅವನ ಜಾಗಕ್ಕೆ ಟೆಂಡರು ಕರೆಯಲಾಗದು.

ಗಂಟಲಮಾರಿ ಹಳೆಯ ಕಾಲದ ಮಾತೆಂದು ತಿಳಿದವರಿಗೆ ಒಂದು ಸಮೀಪದ ಸಂಗತಿ. ಗೂಡಲೂರಿನಿಂದ ನಾಡುಗಾಣಿ ಘಾಟಿ ಇಳಿದರೆ ನಿಲಂಬೂರು, ಅಂದರೆ ಮಲಪ್ಪುರಂ ಜಿಲ್ಲೆ. 2016ರಲ್ಲಿ ಅಲ್ಲಿ ಡಿಫ್ತೀರಿಯಾ ಮರುಕಳಿಸಿ ಮಕ್ಕಳು ಪ್ರಾಣ ಕಳೆದುಕೊಂಡರು. ಲಸಿಕೆ ಹಾಕಿಸದ ಮತ್ತು ಅರ್ಧಕ್ಕೆ ಬಿಟ್ಟ ಮಕ್ಕಳಲ್ಲಿ ರೋಗ ಹೆಚ್ಚಾಗಿ ಕಂಡಿತು. ನಮ್ಮ ಕುಟುಂಬಗಳು ಕೆಲಸಕ್ಕಾಗಿ ಮಸಿನಗುಡಿಯಿಂದ ಗುಂಡ್ಲುಪೇಟೆಗೆ, ತಾಳವಾಡಿಯಿಂದ ಚಾಮರಾಜನಗರಕ್ಕೆ, ಅಲ್ಲಿಂದ ಮತ್ತೆ ಬೆಟ್ಟಕ್ಕೆ ಓಡಾಡುತ್ತಿರುವಾಗ ಒಂದು ರಾಜ್ಯದಲ್ಲಿ ಆರಂಭಿಸಿದ ಸೂಜಿಯನ್ನು ಇನ್ನೊಂದು ರಾಜ್ಯದಲ್ಲಿ ಮುಗಿಸಬೇಕಾಗುತ್ತದೆ. ರಾಷ್ಟ್ರೀಯ ಕ್ರಮ ಎರಡೂ ಕಡೆ ಒಂದೇ: 6, 10, 14ನೆಯ ವಾರಗಳಲ್ಲಿ ಡಿಪಿಟಿಯನ್ನೂ ಒಳಗೊಂಡ ಐದು ರೋಗಗಳ ಲಸಿಕೆ, 16ರಿಂದ 24 ತಿಂಗಳ ನಡುವೆ ಒಂದು ಡಿಪಿಟಿ, 5ರಿಂದ 6ನೆಯ ವರ್ಷದಲ್ಲಿ ಮತ್ತೊಂದು, 10ನೆಯ ಮತ್ತು 16ನೆಯ ವಯಸ್ಸಿಗೆ ಟಿಡಿ. ಊರು ಬಿಡುವಾಗ ಲಸಿಕೆಯ ಕಾರ್ಡನ್ನು ಪಡಿತರ ಚೀಟಿಯ ಜೊತೆಗೇ ಕಟ್ಟಿಕೊಳ್ಳಿ. ಭಾಷೆ ಕನ್ನಡವಿರಲಿ ತಮಿಳಿರಲಿ, ಅದರಲ್ಲಿನ ದಿನಾಂಕಗಳು ಎಲ್ಲ ದಾದಿಯರಿಗೂ ಅರ್ಥವಾಗುತ್ತವೆ.

ಟಿಡಿ ಎಂಬ ಹೆಸರನ್ನು ಕಾರ್ಡಿನಲ್ಲಿ ಆಂಗ್ಲ ಲಿಪಿಯಲ್ಲಿ ಬರೆಯುವಾಗ ‘ಟಿ’ ದೊಡ್ಡಕ್ಷರ, ‘ಡಿ’ ಸಣ್ಣಕ್ಷರವಾಗಿರುವುದನ್ನು ಮಕ್ಕಳು ಗಮನಿಸಿ ಕೇಳಬಹುದು. ಅದು ಮುದ್ರಣದೋಷವಲ್ಲ. ದೊಡ್ಡ ಮಕ್ಕಳಿಗೆ ಕೊಡುವ ಈ ಲಸಿಕೆಯಲ್ಲಿ ಡಿಫ್ತೀರಿಯಾ ಟಾಕ್ಸಾಯ್ಡಿನ ಪ್ರಮಾಣವನ್ನು ಶಿಶುಗಳ ಲಸಿಕೆಗಿಂತ ಕಡಿಮೆ ಮಾಡಿರುತ್ತಾರೆ. ಮೊದಲೇ ಗುರುತಿಟ್ಟುಕೊಂಡ ದೇಹಕ್ಕೆ ನೆನಪಿಸಲು ಅಷ್ಟು ಸಾಕು. ನಾಯಿಕೆಮ್ಮಿನ ‘ಪಿ’ ಈ ವಯಸ್ಸಿನ ಸೂಜಿಯಲ್ಲಿ ಇರುವುದಿಲ್ಲ.